ಪರ್ಹೇಜ್ ಎಂದರೆ ಹಸಿವಿನಿಂದಿರುವುದಲ್ಲ

ಕಳೆದ ಚಳಿಗಾಲದಲ್ಲಿ ಮಾಚೇನಹಳ್ಳಿಯ ನನ್ನ ಕ್ಲಿನಿಕ್ಕಿಗೆ ಒಬ್ಬ ಮಗ ತನ್ನ ತಾಯಿಯನ್ನು ಕರೆತಂದ. ಸ್ತನ ಕ್ಯಾನ್ಸರ್. ಬೆಂಗಳೂರಿನಲ್ಲಿ ಆಪರೇಷನ್ ಆಗಿ ಕೀಮೋ ನಡೆಯುತ್ತಿತ್ತು. ಮೂರು ಕೀಮೋ ಮುಗಿಯುವಷ್ಟರಲ್ಲಿ 58 ಕಿಲೋ ಇದ್ದವರು 51ಕ್ಕೆ ಇಳಿದಿದ್ದರು. ಇಷ್ಟು ನಿಶ್ಶಕ್ತಿಯಲ್ಲಿ ಬೇಡವೆಂದು ನಾಲ್ಕನೆಯದನ್ನು ಮುಂದಕ್ಕೆ ಹಾಕಿದ್ದರು.

"ಏನು ಊಟ ಮಾಡ್ತೀರಿ ಆಪಾ?"

"ಗಂಜಿ, ಬೇಯಿಸಿದ ಸೋರೆಕಾಯಿ. ಗೋಷ್ತ್, ಮೊಟ್ಟೆ, ಹಾಲು, ಸಕ್ಕರೆ ಎಲ್ಲ ಬಿಟ್ಟಿದ್ದೀನಿ ಡಾಕ್ಟರ್ ಸಾಬ್."

ಒಂದನ್ನು ನಾದಿನಿ ಬಿಡಿಸಿದ್ದರು, ಇನ್ನೊಂದನ್ನು ವಾಟ್ಸಾಪ್ ಬಿಡಿಸಿತ್ತು, ಉಳಿದದ್ದನ್ನು ಒಬ್ಬ ಹಕೀಮರ ಚೀಟಿ. ಆ ಚೀಟಿ ನನ್ನದಲ್ಲ. ಆದರೆ ಓದು ಮುಗಿಸಿ ಬಂದ ಹೊಸತರಲ್ಲಿ ನಾನೂ ಅಂಥ ಚೀಟಿಗಳನ್ನು ಬರೆದಿದ್ದೇನೆ. ಆದ್ದರಿಂದ ಈ ಮಾತು ಮೊದಲು ನನಗೆ, ನಂತರ ನಿಮಗೆ.

ಯುನಾನಿಯಲ್ಲಿ ಕ್ಯಾನ್ಸರಿಗೆ ಸರತಾನ್ ಎನ್ನುತ್ತೇವೆ. ಅರಬಿಯಲ್ಲಿ ಏಡಿ ಎಂದರ್ಥ. ಇಬ್ನ್ ಸೀನಾ ಅವರ ಕಾಲದಿಂದಲೂ ನಮ್ಮ ಶಾಸ್ತ್ರ ಹೇಳುವುದು, ರೋಗದೊಡನೆ ಹೋರಾಡುವುದು ರೋಗಿಯ ತಬೀಯತ್, ಹಕೀಮ ಅದರ ಸಹಾಯಕ ಮಾತ್ರ ಎಂದು. ಇಲಾಜ್ ಬಿಲ್ ಗಿಜಾ, ಅಂದರೆ ಆಹಾರದ ಚಿಕಿತ್ಸೆ, ನಮ್ಮಲ್ಲಿ ಔಷಧಿಗಿಂತ ಮೊದಲು ಬರುತ್ತದೆ. ಹೀಗಿರುವಾಗ ತಬೀಯತ್ತನ್ನೇ ಹಸಿವಿನಿಂದ ಕೆಡವುವ ಪರ್ಹೇಜ್ ಯಾವ ಯುನಾನಿ?

ಆರು ತಿಂಗಳಲ್ಲಿ ತೂಕ ನೂರಕ್ಕೆ 5ಕ್ಕಿಂತ ಹೆಚ್ಚು ತಾನಾಗಿ ಇಳಿದರೆ ಕ್ಯಾನ್ಸರ್ ವೈದ್ಯರು ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಕರಗುವುದು ಬರೀ ಕೊಬ್ಬಲ್ಲ, ಮಾಂಸಖಂಡ. ಚಿಕಿತ್ಸೆಯಲ್ಲಿರುವವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 50 ಕಿಲೋ ತೂಗುವವರಿಗೆ 50ರಿಂದ 75 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ದೊಡ್ಡ ಲೋಟ ಹಾಲಿನಲ್ಲಿ 8 ಗ್ರಾಂ. ಸೋರೆಕಾಯಿಯಲ್ಲಿ ಲೆಕ್ಕಕ್ಕೆ ಸಿಗುವಷ್ಟು ಇಲ್ಲ. ಶಿಮುಲ್ ಡೇರಿಯ ಹಾಲಿನ ಗಾಡಿಗಳು ದಿನವಿಡೀ ಓಡಾಡುವ ನಮ್ಮೂರಿನಲ್ಲಿ ರೋಗಿಗೆ ಹಾಲು ಬಂದ್! (ಕಿಡ್ನಿ ತೊಂದರೆ ಇರುವವರು ಮಾತ್ರ ಪ್ರೋಟೀನಿನ ಲೆಕ್ಕವನ್ನು ತಮ್ಮ ವೈದ್ಯರಲ್ಲೇ ಕೇಳಬೇಕು.)

ಸಕ್ಕರೆ ಕ್ಯಾನ್ಸರನ್ನು ಬೆಳೆಸುತ್ತದೆಯಂತೆ ಎಂದು ಎಲ್ಲರೂ ಕೇಳುತ್ತಾರೆ. ದೇಹದ ಎಲ್ಲ ಕೋಶಗಳೂ ಗ್ಲೂಕೋಸ್ ಬಳಸುತ್ತವೆ. ನೀವು ಚಹಾಕ್ಕೆ ಸಕ್ಕರೆ ಬಿಟ್ಟರೆ ಗಡ್ಡೆ ಉಪವಾಸ ಬೀಳುವುದಿಲ್ಲ, ನೀವು ಬೀಳುತ್ತೀರಿ. ಡಯಾಬಿಟಿಸ್ ಇದ್ದವರ ಮಾತು ಬೇರೆ.

ವಾಕರಿಕೆ ಇದ್ದಾಗ ತಟ್ಟೆ ತುಂಬ ಬಡಿಸಬೇಡಿ. ಎರಡು ಗಂಟೆಗೊಮ್ಮೆ ನಾಲ್ಕು ತುತ್ತು ಸಾಕು. ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳಸುತ್ತದೆ, ಆದ್ದರಿಂದ ರೋಗಿಯನ್ನು ಅಡುಗೆಮನೆಯಿಂದ ದೂರ ಕೂರಿಸಿ. ನಮ್ಮ ಮನೆಗಳಲ್ಲಿ ಕೀಮೋ ಮುಗಿಸಿ ಬಂದ ಹೆಂಗಸೇ ಮರುದಿನ ಒಲೆಯ ಮುಂದೆ ನಿಂತಿರುತ್ತಾಳೆ, ಇದನ್ನು ಗಂಡಸರು ಗಮನಿಸಬೇಕು. ಬಾಯಿ ಹುಣ್ಣಾಗಿದ್ದರೆ ಖಾರವಿಲ್ಲದ ಖಿಚಡಿ, ನುಣ್ಣಗೆ ಬೆಂದ ಹಲೀಮ್, ಹರೀರಾ ಇಳಿಯುತ್ತವೆ. ಬಾರ್ಲಿ ಹಿಟ್ಟನ್ನು ಹಾಲಿನಲ್ಲಿ ಬೇಯಿಸಿದ ತಲ್ಬೀನಾ, ಪ್ರವಾದಿ(ಸ)ರು ರೋಗಿಗಳಿಗೆ ಹೇಳಿದ ಆಹಾರ, ಇದಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ. ಅಡಿಕೆ ಮಾತ್ರ ಬೇಡವೇ ಬೇಡ. ನಮ್ಮದು ಅಡಿಕೆಯ ಜಿಲ್ಲೆ, ಹೇಳಲು ಕಷ್ಟ. ಆದರೂ ಬಾಯಿ ಕ್ಯಾನ್ಸರಿನ ರೇಡಿಯೇಷನ್ ನಡೆಯುತ್ತಿರುವಾಗಲೂ ದವಡೆಯಲ್ಲಿ ಅಡಿಕೆ ಇಟ್ಟುಕೊಂಡವರನ್ನು ನಾನು ನೋಡಿದ್ದೇನೆ.

ಕೀಮೋದಲ್ಲಿ ಬಿಳಿ ರಕ್ತಕಣಗಳು ಇಳಿಯುತ್ತವೆ. ಆಗ ಕುದಿಸಿ ಆರಿಸಿದ ನೀರು, ಬಿಸಿ ಅಡುಗೆ, ಮನೆಯಲ್ಲೇ ತೊಳೆದು ಸಿಪ್ಪೆ ತೆಗೆದ ಹಣ್ಣು. ದರ್ಗಾದ ಉರೂಸಿನಲ್ಲಿ ಹಂಚಿದ್ದು, ಬಸ್‌ಸ್ಟ್ಯಾಂಡಿನಲ್ಲಿ ಕತ್ತರಿಸಿಟ್ಟ ಪಪ್ಪಾಯ, ಅರ್ಧ ಬೆಂದ ಮೊಟ್ಟೆ, ಕಾಯಿಸದ ಹಸಿ ಜೇನು ಬೇಡ. ಜ್ವರ 100.4 ಡಿಗ್ರಿ ಮುಟ್ಟಿದರೆ ಕಷಾಯ ಕಾಯಿಸುತ್ತ ಕೂರದೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.

ಈಗ ಔಷಧಿಯ ವಿಷಯ. ಸಾಗರ ತಾಲ್ಲೂಕಿನ ನರಸೀಪುರದಲ್ಲಿ ವೈದ್ಯ ನಾರಾಯಣಮೂರ್ತಿಯವರು ಕೊಡುತ್ತಿದ್ದ ತೊಗಟೆಗಾಗಿ ದೇಶದ ನಾನಾ ಕಡೆಯಿಂದ ಬಂದು ನಿಲ್ಲುತ್ತಿದ್ದ ಸಾಲು ನಮ್ಮ ಜಿಲ್ಲೆಯವರಿಗೆ ಗೊತ್ತು. ಅವರು 2020ರಲ್ಲಿ ತೀರಿಕೊಂಡರು. ಆ ಸಾಲಿನಲ್ಲಿ ನಿಂತವರ ಆಸೆಯನ್ನು ನಾನು ಹಗುರಾಗಿ ಮಾತನಾಡಲಾರೆ. ನನ್ನ ಕೋರಿಕೆ ಇಷ್ಟೇ. ತೊಗಟೆಯಾಗಲಿ, ಕಲೌಂಜಿ ಎಣ್ಣೆಯಾಗಲಿ, ನನ್ನಂಥವರು ಕೊಟ್ಟ ಮಾಜೂನ್ ಆಗಲಿ, ಕೀಮೋ ನಡೆಸುವ ವೈದ್ಯರಿಗೆ ತೋರಿಸದೆ ಬಾಯಿಗೆ ಹಾಕಬೇಡಿ. ಕೆಲವು ಗಿಡಮೂಲಿಕೆಗಳು ಕೀಮೋ ಔಷಧಿಯ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತವೆ, ಕೆಲವು ಇಳಿಸುತ್ತವೆ. "ದೇಸಿ ಮದ್ದು, ಏನೂ ಆಗಲ್ಲ" ಎನ್ನುವ ಹಕೀಮನನ್ನು ನಂಬಬೇಡಿ. ಯುನಾನಿ ಓದಿದವನಾಗಿಯೇ ಇದನ್ನು ಬರೆಯುತ್ತಿದ್ದೇನೆ.

ರಂಜಾನ್ ಬಂದರೆ ಹಿರಿಯರು ರೋಜಾ ಬಿಡಲು ಒಪ್ಪುವುದಿಲ್ಲ. ಅಲ್‌ಬಕರಾ ಅಧ್ಯಾಯದ 184 ಮತ್ತು 185ನೇ ಸೂಕ್ತಗಳಲ್ಲಿ ರೋಗಿಗೆ ರಿಯಾಯಿತಿ ಸ್ಪಷ್ಟವಾಗಿದೆ. ಗುಣವಾದ ಮೇಲೆ ಆ ದಿನಗಳನ್ನು ಪೂರೈಸಬಹುದು, ಗುಣವಾಗುವ ಭರವಸೆ ಇಲ್ಲದವರಿಗೆ ಫಿದ್ಯಾ ಇದೆ. ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ಮನೆಯವರು ಕಿತ್ತುಕೊಳ್ಳಬಾರದು.

ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ನಮ್ಮ ಕಡೆಯ ಎಷ್ಟೋ ಜನ ಹೋಗುತ್ತಾರೆ. ಅದು ರಫಿ ಅಹಮದ್ ಕಿದ್ವಾಯಿ ಅವರ ಹೆಸರು, ಅವರು ದೇಶದ ಆಹಾರ ಸಚಿವರಾಗಿದ್ದವರು. ಅಲ್ಲಿಗೆ ಹೊರಡುವವರಿಗೆ ನಾನು ಹೇಳುವುದು, ಫೈಲಿನ ಜೊತೆ ಖರ್ಜೂರ, ಬಾಳೆಹಣ್ಣು, ಹುರಿಗಡಲೆ ಕಟ್ಟಿಕೊಳ್ಳಿ, ರೈಲಿನಲ್ಲೂ ಹಸಿದಿರಬೇಡಿ ಎಂದು. ರೋಗಿಯನ್ನು ನೋಡಲು ಹೋಗುವ ಬಂಧುಗಳೂ ಹೊಸ ಪಥ್ಯ ಹೇಳುವ ಬದಲು ಒಂದು ಡಬ್ಬಿ ಬಿಸಿ ಸೂಪ್ ಒಯ್ಯಲಿ.

ಆ ಆಪಾರ ನಾಲ್ಕನೆಯ ಕೀಮೋ ಮೂರು ವಾರ ತಡವಾಗಿ ಆಯಿತು. ಮೊನ್ನೆ ಬಂದಾಗ ತೂಕ 54. ಮೊಟ್ಟೆ, ಮೊಸರು, ಕೋಳಿ ಎಲ್ಲ ತಿನ್ನುತ್ತಿದ್ದಾರೆ. ಪಾಯಾ ವಾಸನೆ ಮಾತ್ರ ಇನ್ನೂ ಆಗುವುದಿಲ್ಲವಂತೆ.