ಕೊರತೆಯ ಹಂಚಿಕೆ

1996ರ ಡಿಸೆಂಬರ್ 12ರಂದು ನವದೆಹಲಿಯಲ್ಲಿ ಭಾರತದ ಅಂದಿನ ಪ್ರಧಾನಿ ಎಚ್.ಡಿ. ದೇವೇಗೌಡರೂ ಬಾಂಗ್ಲಾದೇಶದ ಅಂದಿನ ಪ್ರಧಾನಿ ಶೇಖ್ ಹಸೀನಾ ಅವರೂ ಗಂಗಾಜಲ ಒಪ್ಪಂದಕ್ಕೆ ಸಹಿ ಹಾಕಿದರು. ಕಾವೇರಿಯ ಪಾಲಿಗಾಗಿ ದಶಕಗಳ ಕಾಲ ವಾದಿಸಿದ ನಾಡಿನಿಂದ ಬಂದವರೊಬ್ಬರು ಕೆಳಗಿನ ದೇಶದ ಪಾಲನ್ನು ಬರೆದುಕೊಟ್ಟ ಆ ಗಳಿಗೆಯನ್ನು ಕನ್ನಡಿಗರಾದ ನಾವು ಮರೆಯಬಾರದು. ಒಪ್ಪಂದಕ್ಕೆ ಗೊತ್ತುಪಡಿಸಿದ 30 ವರ್ಷಗಳ ಅವಧಿಯ ಕೊನೆ 2026ರ ಡಿಸೆಂಬರ್. ಅದು ಕಲಿಸಿದ್ದೇನೆಂದು ವಿಚಾರಿಸಲು ಇದು ತಕ್ಕ ಸಮಯ.

ಕೊಲ್ಕತ್ತ ಬಂದರಿನ ಹೂಳನ್ನು ತೊಳೆಯಲು ಹೂಗ್ಲಿಗೆ ನೀರು ತಿರುಗಿಸುವ ಫರಕ್ಕಾ ಬ್ಯಾರೇಜು 1975ರಲ್ಲಿ ಕಾರ್ಯಾರಂಭ ಮಾಡಿತು. ಬೇಸಗೆಯಲ್ಲಿ ಕೆಳಗಿನ ಹರಿವು ಕುಗ್ಗಿತು. ಬಾಂಗ್ಲಾದೇಶದ ನೈರುತ್ಯದ ನದಿಗಳಲ್ಲಿ ಉಪ್ಪಿನಂಶ ಏರಿತು. 1977ರ ಒಪ್ಪಂದದ ಅವಧಿ ಐದೇ ವರ್ಷ. ಅನಂತರದ ತಾತ್ಕಾಲಿಕ ಏರ್ಪಾಡುಗಳೂ 1988ರಲ್ಲಿ ಮುಗಿದು, ಎಂಟು ವರ್ಷ ಯಾವ ಒಡಂಬಡಿಕೆಯೂ ಇಲ್ಲದೆ ಕಳೆಯಿತು.

1996ರ ಸೂತ್ರ ಜನವರಿಯಿಂದ ಮೇ ತಿಂಗಳವರೆಗಿನದು. ಹತ್ತು ಹತ್ತು ದಿನಗಳ ಲೆಕ್ಕದಲ್ಲಿ ಫರಕ್ಕಾದ ಹರಿವು 70,000 ಕ್ಯೂಸೆಕ್ಸ್ ಮೀರದಿದ್ದರೆ ಸಮಪಾಲು. 75,000 ತಲುಪಿದರೆ ಭಾರತಕ್ಕೆ 40,000, ಉಳಿದದ್ದು ಬಾಂಗ್ಲಾದೇಶಕ್ಕೆ. ಇವೆರಡರ ನಡುವೆ ಇದ್ದರೆ ಬಾಂಗ್ಲಾದೇಶಕ್ಕೆ 35,000, ಉಳಿದದ್ದು ಭಾರತಕ್ಕೆ. ಮಾರ್ಚ್ 11ರಿಂದ ಮೇ 10ರವರೆಗೆ ಸರದಿಯಂತೆ ಒಂದೊಂದು ದೇಶಕ್ಕೆ 35,000 ಕ್ಯೂಸೆಕ್ಸ್ ಖಚಿತ. ಅಳತೆಯನ್ನು ಫರಕ್ಕಾದಲ್ಲೂ ಬಾಂಗ್ಲಾದೇಶದ ಹಾರ್ಡಿಂಜ್ ಸೇತುವೆಯ ಬಳಿಯೂ ಉಭಯ ದೇಶಗಳ ಅಧಿಕಾರಿಗಳು ಕೂಡಿ ಮಾಡಬೇಕು.

ಸರ್ಕಾರಿ ಕಡತಗಳ ನಡುವೆ ಬಹುಕಾಲ ಕಳೆದ ನನಗೆ ಈ ಕೊನೆಯ ನಿಯಮವೇ ಒಪ್ಪಂದದ ಜೀವವೆನಿಸುತ್ತದೆ. ಪಾಲಿನ ಬಗ್ಗೆ ಜಗಳವಾಡಬಹುದು. ಇಬ್ಬರೂ ನಿಂತು ಅಳೆದ ನೀರಿನ ಬಗ್ಗೆ ಸುಳ್ಳಾಡುವುದು ಕಷ್ಟ. ಆದರೆ ಹರಿವು 50,000ಕ್ಕಿಂತ ಕೆಳಗಿಳಿದರೆ ಕೂಡಲೇ ಸಮಾಲೋಚಿಸಬೇಕೆಂದಷ್ಟೇ ಒಪ್ಪಂದ ಹೇಳುತ್ತದೆ. ಆಗ ಯಾರು ಎಷ್ಟು ಬಿಟ್ಟುಕೊಡಬೇಕೆಂದು ಹೇಳುವುದಿಲ್ಲ. ಮಳೆ ಚೆನ್ನಾಗಿ ಬಂದ ವರ್ಷ ಯಾರಿಗೂ ಸೂತ್ರ ಬೇಕಿಲ್ಲ. ಸಂಕಷ್ಟದ ವರ್ಷಕ್ಕೇ ಅದು ಬೇಕು.

ಇನ್ನೊಂದು ಮಾತು. 1996ರಲ್ಲಿ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರ ಸಹಕಾರ ದೊರೆತಿತ್ತು. 2011ರಲ್ಲಿ ಅದೇ ರಾಜ್ಯದ ವಿರೋಧದಿಂದ ತೀಸ್ತಾ ಒಪ್ಪಂದ ನಿಂತುಹೋಯಿತು. ನದಿಯ ದಡದ ಜನರನ್ನು ಹೊರಗಿಟ್ಟು ರಾಜಧಾನಿಗಳು ಮಾಡಿಕೊಳ್ಳುವ ಒಪ್ಪಂದ ಬಾಳದು.

ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ನೆಲೆಸಿದ ನಮಗೆ ಈ ಪಾಠ ದೂರದ್ದಲ್ಲ. ತವರಿನ ಹೊಳೆಯೂ ನೆಲೆಸಿದ ಊರಿನ ನಲ್ಲಿಯೂ ನಮ್ಮವೇ. 1991ರ ಕಾವೇರಿ ಗಲಭೆಗಳಲ್ಲಿ ಅನ್ಯಭಾಷೆಯ ನೆರೆಯಲ್ಲಿ ಬದುಕುವವರು ಪಟ್ಟ ಪಾಡನ್ನು ನಾವು ಬಲ್ಲೆವು. ಆದ್ದರಿಂದ, ಕೊರತೆಯನ್ನೂ ಲೆಕ್ಕವಿಟ್ಟು ಹಂಚಿಕೊಳ್ಳಿರೆಂದು ಎರಡೂ ದಡಗಳಿಗೆ ಹೇಳುವ ಹೊಣೆ ಮೊದಲು ನಮ್ಮದು.