ಮನಿ ಪಟ್ಟಿಗೊಂದು ಅಳತೆ ಟೇಪು

ಹೋದ ದಸರೆ ರಜೆಯಲ್ಲಿ ತಂಗಿಯ ಮಗಳನ್ನೂ ಅವಳ ಇಬ್ಬರು ಗೆಳತಿಯರನ್ನೂ ಕರೆದುಕೊಂಡು ಇಟಗಿಗೆ ಹೋಗಿದ್ದೆ. ಮೂವರೂ ಒಂಬತ್ತನೆಯ ತರಗತಿಯವರು. ಇಟಗಿ ಈಗ ಕುಕನೂರು ತಾಲ್ಲೂಕಿಗೆ ಸೇರಿದ್ದರೂ ಹಿರಿಯರ ಬಾಯಲ್ಲಿ ಅದು ಇನ್ನೂ ಯಲಬುರ್ಗಾ ತಾಲ್ಲೂಕಿನ ಊರೇ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯ ಅಲ್ಲಿದೆ. ಶಾಸನ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಕಂಬಗಳ ನುಣುಪನ್ನೂ ಶಾಸನದ ಅಕ್ಷರಗಳನ್ನೂ ನೋಡಿ, ಹೊರಗೆ ಬಂದು ಮರದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ರೊಟ್ಟಿ ಮುರಿಯುತ್ತ ಹುಡುಗಿ ಕೇಳಿದಳು:

‘ಮಾಮಾ, ಆಗಿನ ಮಂದಿಗೂ ಮನಿ ಪಟ್ಟಿ ಇತ್ತೇನು?’

ನಮ್ಮ ಕಡೆ ಮನೆ ತೆರಿಗೆಗೆ ಮನಿ ಪಟ್ಟಿ ಎಂದೇ ಹೆಸರು. ಇತ್ತು ಎಂದೆ. ಹಳೆಯ ಕನ್ನಡ ಶಾಸನಗಳಲ್ಲಿ ಮನೆದೆರೆ, ಗಾಣದೆರೆ, ಮಗ್ಗದೆರೆ ಎಂಬ ಮಾತುಗಳು ಸಿಗುತ್ತವೆ. ಮನೆಗೊಂದು ತೆರೆ, ಗಾಣಕ್ಕೊಂದು ತೆರೆ, ಮಗ್ಗಕ್ಕೊಂದು ತೆರೆ. ಅವಳು ಅಷ್ಟಕ್ಕೆ ಬಿಡಲಿಲ್ಲ. ‘ಹಂಗಾರ ಲೆಕ್ಕ ತಪ್ಪಾದ್ರ ಯಾರನ್ನ ಕೇಳ್ತಿದ್ರು?’

ಈ ಪ್ರಶ್ನೆ ಶಾಸನ ನೋಡಿ ಹುಟ್ಟಿದ್ದಲ್ಲ, ಮನೆಯಲ್ಲಿ ಹುಟ್ಟಿದ್ದು. ಆ ವಾರವೇ ತಂಗಿಯ ಮನೆಗೆ ಪಂಚಾಯಿತಿಯಿಂದ ತೆರಿಗೆ ನೋಟಿಸು ಬಂದಿತ್ತು. ಹಿಂದಿನ ವರ್ಷ 460 ರೂಪಾಯಿ ಇದ್ದದ್ದು ಒಮ್ಮೆಲೇ 1,310 ಆಗಿತ್ತು. ಊರಿನ ಹೆಸರು ಇಲ್ಲಿ ಬೇಡ. ಇಂಥ ನೋಟಿಸು ಯಾವ ಊರಿನಲ್ಲಿಯೂ ಬರಬಹುದು.

ತಂಗಿಯ ಗಂಡ ತೀರಿಕೊಂಡು ಮೂರು ವರ್ಷ. ಹೊಲಿಗೆ ಯಂತ್ರ ಮತ್ತು ಎರಡು ಎಕರೆ ಒಣ ಬೇಸಾಯದ ಮೇಲೆ ಸಂಸಾರ ನಡೆದಿದೆ. ಹೆಚ್ಚಿಗೆ ಬಂದ 850 ರೂಪಾಯಿ ಎಂದರೆ ಅವಳ ಮಟ್ಟಿಗೆ ಮಗಳ ನೋಟುಬುಕ್ಕು, ಬಸ್ ಪಾಸು ಎರಡೂ ಹೌದು. ನೋಟಿಸು ತಂದ ಬಿಲ್ ಕಲೆಕ್ಟರನ್ನು ಕೇಳಿದರೆ ‘ಅದು ಕಂಪ್ಯೂಟರಿನ್ಯಾಗ ಬಂದದ್ದವ್ವಾ’ ಎಂದನಂತೆ. ನೆರೆಯ ಹಿರಿಯರೊಬ್ಬರು ‘ಸುಮ್ನ ಕಟ್ಟಿಬಿಡವ್ವಾ. ಕಚೇರಿಗೆ ಹೋಗಿ ತಕರಾರು ಮಾಡಿದ್ರ ನಾಳೆ ರೇಷನ್ ಕಾರ್ಡಿಗೂ ತೊಂದ್ರಿ ಬರ್ತೈತಿ’ ಎಂದು ಹೆದರಿಸಿದ್ದರು. ‘ಅಣ್ಣಾ, ಏನ್ ಮಾಡ್ಲಿ?’ ಎಂದು ತಂಗಿ ನನ್ನನ್ನು ಕೇಳಿದಳು.

ನಾನು ನೋಟಿಸನ್ನು ಹುಡುಗಿಯ ಕೈಗೆ ಕೊಟ್ಟು ಗಟ್ಟಿಯಾಗಿ ಓದು ಎಂದೆ. ತೆರಿಗೆ ಎಷ್ಟು ಎಂಬುದನ್ನು ಎಲ್ಲರೂ ಓದುತ್ತಾರೆ. ಯಾವುದರ ಮೇಲೆ ಎಂಬುದನ್ನು ಓದುವವರು ಕಡಿಮೆ. ಮಾಲೀಕರ ಹೆಸರು, ಆಸ್ತಿಯ ಸಂಖ್ಯೆ, ಕಟ್ಟಡದ ಅಳತೆ, ಛಾವಣಿ ಯಾವುದು, ಬಳಕೆ ವಾಸಕ್ಕೋ ವ್ಯಾಪಾರಕ್ಕೋ, ಹಳೆಯ ಬಾಕಿ ಇದೆಯೋ ಎಂಬ ಈ ಆರು ಸಂಗತಿಗಳಲ್ಲಿ ಒಂದು ತಪ್ಪಿದರೂ ಕೊನೆಯ ಮೊತ್ತ ತಪ್ಪುತ್ತದೆ. ನಮ್ಮ ನೋಟಿಸಿನಲ್ಲಿ ‘ಕಟ್ಟಡ 45 ಅಡಿ × 30 ಅಡಿ, ಆರ್‌ಸಿಸಿ’ ಎಂದಿತ್ತು.

ಹುಡುಗಿ ಥಟ್ಟನೆ ತಲೆಯೆತ್ತಿ ‘ಆರ್‌ಸಿಸಿ ಎಲ್ಲೈತಿ ಮಾಮಾ? ನಮ್ಮದು ಮಾಳಗಿ ಮನಿ’ ಎಂದಳು. ನಿಜ. ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ಸವುಳು ಮಣ್ಣು ಹಾಕದಿದ್ದರೆ ಸೋರುವ ಮಣ್ಣಿನ ಮಾಳಿಗೆ ಅದು.

ಟೈಲರ್ ಟೇಪು ಐದಡಿಯದು, ಸಾಲದು. ಗೌಂಡಿಯೊಬ್ಬರಿಂದ ನೂರಡಿ ಟೇಪು ತಂದೆವು. ಗೆಳತಿಯೊಬ್ಬಳು ಒಂದು ತುದಿ, ಇವಳು ಇನ್ನೊಂದು ತುದಿ ಹಿಡಿದು ಎರಡೆರಡು ಸಲ ಅಳೆದು ನೋಟುಬುಕ್ಕಿನಲ್ಲಿ ನಕ್ಷೆ ಬರೆದರು. ಮುಂದಿನ ಹಳೆಯ ಮನೆ 30 ಅಡಿ × 24 ಅಡಿ, ಅಂದರೆ 720 ಚದರ ಅಡಿ. ಹಿಂದೆ ಹಿತ್ತಲು 30 ಅಡಿ × 21 ಅಡಿ, ಅಂದರೆ 630. ಎರಡೂ ಸೇರಿ 1,350. ನೋಟಿಸಿನ 45 × 30 ಕೂಡ 1,350. ತಪ್ಪು ಎಲ್ಲಿದೆ ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಇಡೀ ಜಾಗದ ಅಳತೆಯನ್ನು ಯಾರೋ ಕಟ್ಟಡದ ಕಾಲಮ್ಮಿನಲ್ಲಿ ಬರೆದಿದ್ದರು. ಕರಿಬೇವಿನ ಗಿಡಕ್ಕೂ ಬಟ್ಟೆ ಒಗೆಯುವ ಕಲ್ಲಿಗೂ ಆರ್‌ಸಿಸಿ ಛಾವಣಿಯ ತೆರಿಗೆ ಬಿದ್ದಿತ್ತು!

ಇಲ್ಲಿಗೆ ನಿಂತಿದ್ದರೆ ಇದು ಬರೀ ಗೆಲುವಿನ ಕಥೆಯಾಗುತ್ತಿತ್ತು. ಆದರೆ ಹಿತ್ತಲಲ್ಲಿ 12 ಅಡಿ × 10 ಅಡಿಯ ಒಂದು ಕೋಣೆಯೂ ಇತ್ತು. ಮಗಳ ಓದಿಗೆಂದು ತಂದೆ ಬದುಕಿದ್ದಾಗ ಕಟ್ಟಿಸಿದ ಕೋಣೆ ಅದು. ಅದರ ಛಾವಣಿ ಮಾತ್ರ ನಿಜವಾಗಿಯೂ ಆರ್‌ಸಿಸಿ. ಹಳೆಯ 460 ರೂಪಾಯಿಯ ಲೆಕ್ಕದಲ್ಲಿ ಅದು ಸೇರಿಯೇ ಇರಲಿಲ್ಲ. ತಂಗಿ ಮೆಲ್ಲಗೆ ‘ಅದನ್ನ ಬರೀಬ್ಯಾಡವಾ’ ಎಂದಳು. ಹುಡುಗಿ ನನ್ನ ಮುಖ ನೋಡಿದಳು. ‘ಅವರು ತಪ್ಪು ಅಳತಿ ಬರದಾರಂತ ಕೇಳಾಕ ಹೊಂಟೀವಿ. ನಾವೂ ತಪ್ಪು ಬರದ್ರ ಹೆಂಗ ಮಾಮಾ?’

ನಾನು ಏನೂ ಹೇಳಲಿಲ್ಲ. ತಂಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ‘ಬರಿ’ ಎಂದಳು. 720ಕ್ಕೆ 120 ಸೇರಿ ಒಟ್ಟು 840 ಚದರ ಅಡಿ ಆಯಿತು.

ಈ ಪ್ರಸಂಗವನ್ನು ಇಂಗ್ಲೆಂಡಿನಲ್ಲಿ ಕೆಲಸಕ್ಕಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ತಿಳಿಸಿದಾಗ ಅವನು ನಕ್ಕು, ‘ಇಲ್ಲಿಯೂ ಇದೇ ಕಥೆ ಸರ್’ ಎಂದ. ಅಲ್ಲಿ 1993ರಲ್ಲಿ ಕೌನ್ಸಿಲ್ ಟ್ಯಾಕ್ಸ್ ಎಂಬ ಮನೆ ತೆರಿಗೆ ಬಂತು. ಮನೆಗಳನ್ನು ‘ಎ’ಯಿಂದ ‘ಎಚ್’ವರೆಗೆ ಎಂಟು ದರ್ಜೆಗಳಲ್ಲಿ ಇಟ್ಟಿದ್ದಾರೆ. 1991ರ ಏಪ್ರಿಲ್ 1ರಂದು ಆ ಮನೆಗೆ ಎಷ್ಟು ಬೆಲೆ ಬರುತ್ತಿತ್ತು ಎಂಬುದೇ ದರ್ಜೆಗೆ ಆಧಾರ. ನಿನ್ನೆ ಕಟ್ಟಿದ ಮನೆಗೂ ಅದೇ ದಿನದ ಬೆಲೆಯ ಲೆಕ್ಕ! ನನ್ನ ಮನೆಯನ್ನು ತಪ್ಪು ದರ್ಜೆಗೆ ಹಾಕಿದ್ದೀರಿ ಎನ್ನುವವರು ಬಾಯಿಮಾತಿನಲ್ಲಿ ಹೇಳಿದರೆ ನಡೆಯುವುದಿಲ್ಲ. ಅಷ್ಟೇ ದೊಡ್ಡದಾದ, ಅದೇ ಕಾಲದ, ಅದೇ ಬಗೆಯ ಹತ್ತಿರದ ಮನೆಗಳು ಕೆಳಗಿನ ದರ್ಜೆಯಲ್ಲಿದ್ದರೆ ಐದರವರೆಗೆ ಅಂಥ ವಿಳಾಸಗಳನ್ನು ತೋರಿಸಬಹುದು. ವಿಚಾರಣೆ ಮುಗಿಯುವ ತನಕ ತೆರಿಗೆ ಕಟ್ಟುತ್ತಲೇ ಇರಬೇಕು. ಮತ್ತೊಂದು ಎಚ್ಚರಿಕೆಯೂ ಉಂಟು. ಪರೀಕ್ಷಿಸಿ ನೋಡಿದಾಗ ದರ್ಜೆ ಇಳಿಯುವ ಬದಲು ಏರಲೂಬಹುದು. ಕೆಲವೊಮ್ಮೆ ನೆರೆಯವರದೂ ಏರುತ್ತದೆ. ಆದ್ದರಿಂದ ಅಲ್ಲಿಯವರು ಮೊದಲು ತಮ್ಮ ಮನೆಯ ಲೆಕ್ಕವನ್ನು ತಾವು ಸರಿಯಾಗಿ ನೋಡಿಕೊಂಡೇ ಅರ್ಜಿ ಹಾಕುತ್ತಾರೆ.

ನಮ್ಮಲ್ಲಿ ದರ್ಜೆಯ ಅಕ್ಷರಗಳಿಲ್ಲ, ಆದರೆ ನ್ಯಾಯ ಒಂದೇ. ಹಳ್ಳಿಗಳಲ್ಲಿ ಮನೆಗಳ ಮೇಲೆ ತೆರಿಗೆ ಹಾಕುವ ಅಧಿಕಾರ ಗ್ರಾಮ ಪಂಚಾಯಿತಿಗೆ 1993ರ ಪಂಚಾಯತ್ ರಾಜ್ ಅಧಿನಿಯಮದಿಂದ ಬಂದಿದೆ. ಕೊಪ್ಪಳ, ಗಂಗಾವತಿಯ ನಗರಸಭೆ, ಕುಷ್ಟಗಿಯ ಪುರಸಭೆ, ಯಲಬುರ್ಗಾ, ಕುಕನೂರಿನ ಪಟ್ಟಣ ಪಂಚಾಯಿತಿಗಳ ಮಾತು ಸ್ವಲ್ಪ ಬೇರೆ. ಅಲ್ಲಿ ಸ್ವಯಂ ಘೋಷಣೆಯ ಪದ್ಧತಿ ಇದೆ. ಮನೆಯ ಅಳತೆಯನ್ನು ಮಾಲೀಕರೇ ನಮೂನೆಯಲ್ಲಿ ತುಂಬಿ ಕೊಡುತ್ತಾರೆ. ಹಾಗಾಗಿ ಅಲ್ಲಿ ತಪ್ಪು ನಮ್ಮ ಕೈಯಿಂದಲೇ ಆಗಿರಬಹುದು. ಯಾರೋ ಏಜೆಂಟರಿಂದ ತುಂಬಿಸಿ ಕಣ್ಣು ಮುಚ್ಚಿ ಸಹಿ ಹಾಕಿದವರು ಒಮ್ಮೆ ತೆಗೆದು ನೋಡುವುದು ಒಳ್ಳೆಯದು.

ಒಂದು ವರ್ಷದ ಕೆಲವು ನೂರು ರೂಪಾಯಿಗೆ ಇಷ್ಟೆಲ್ಲ ಏಕೆ ಎಂದು ಪಾಲಕರು ಕೇಳಬಹುದು. ಎರಡು ಕಾರಣಗಳಿವೆ. ತಪ್ಪು ಒಂದು ಸಲ ದಾಖಲೆಗೆ ಸೇರಿದರೆ ವರ್ಷವರ್ಷವೂ ಅದೇ ಮುಂದುವರಿಯುತ್ತದೆ. ಎರಡನೆಯದು ಇನ್ನೂ ಮುಖ್ಯ. 2013ರ ಸುಮಾರಿಗೆ ಇ-ಸ್ವತ್ತು ವ್ಯವಸ್ಥೆ ಬಂದ ಮೇಲೆ ಹಳ್ಳಿಯ ಮನೆ, ನಿವೇಶನಗಳ ವಿವರ ಕಂಪ್ಯೂಟರಿಗೆ ಸೇರಿ ನಮೂನೆ 9, ನಮೂನೆ 11 ಎಂಬ ಉತಾರಗಳಾಗಿ ಹೊರಬರುತ್ತದೆ. ನಾಳೆ ಮನೆ ಪಾಲಾಗುವಾಗ, ಮಾರುವಾಗ, ಮಕ್ಕಳ ಓದಿಗೆಂದು ಬ್ಯಾಂಕಿನ ಮುಂದೆ ನಿಂತಾಗ ಕೇಳುವ ಕಾಗದ ಅದೇ. ಅಳತೆ, ಹೆಸರು ತಪ್ಪಿದ್ದರೆ ಆಗ ಓಡಾಡುವುದಕ್ಕಿಂತ ಈಗ ಓಡಾಡುವುದು ಹಗುರ.

ನಾವು ಮಾಡಿದ್ದು ಇಷ್ಟು. ಹಳೆಯ ದರದ 460 ರೂಪಾಯಿಯನ್ನು ಕಟ್ಟಿ ರಸೀದಿ ಪಡೆದೆವು. ತೆರಿಗೆಯನ್ನೇ ನಿಲ್ಲಿಸಿ ಜಗಳಕ್ಕೆ ನಿಂತರೆ ಬಾಕಿದಾರರು ಎನಿಸಿಕೊಳ್ಳುತ್ತೇವೆ, ನ್ಯಾಯದ ಮಾತೂ ಹಿಂದಾಗುತ್ತದೆ. ಒಂದು ಹಾಳೆಯ ಅರ್ಜಿಯನ್ನು ಎರಡು ಪ್ರತಿ ಬರೆದೆವು. ಬೈಗುಳವಿಲ್ಲ, ಗೋಳಾಟವಿಲ್ಲ. ‘ನೋಟಿಸಿನಲ್ಲಿ ಹೀಗಿದೆ, ನಮ್ಮ ಅಳತೆಯಲ್ಲಿ ಹೀಗಿದೆ, ದಯವಿಟ್ಟು ಸ್ಥಳಕ್ಕೆ ಬಂದು ಅಳೆದು ತಿದ್ದಿಕೊಡಿ’ ಎಂದು ಮೂರೇ ಸಾಲು. ಜೊತೆಗೆ ಹುಡುಗಿಯ ನಕ್ಷೆ, ಹಳೆಯ ರಸೀದಿಯ ಜೆರಾಕ್ಸು, ಮಾಳಿಗೆಯ ಎರಡು ಫೋಟೊ. ಒಂದು ಪ್ರತಿ ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ ತಾರೀಖು, ಸಹಿ, ಮೊಹರು ಹಾಕಿಸಿಕೊಂಡೆವು. ಮೊಹರಿಲ್ಲದ ಅರ್ಜಿ ಬಾಯಿಮಾತಿಗೆ ಸಮ.

ಅಭಿವೃದ್ಧಿ ಅಧಿಕಾರಿಗಳು ನೆರೆಯವರು ಹೆದರಿಸಿದಂತೇನೂ ಇರಲಿಲ್ಲ. ನಕ್ಷೆಯನ್ನು ತಿರುಗಿಸಿ ನೋಡಿ ‘ಇದನ್ನ ಯಾರು ಬರದದ್ದು?’ ಎಂದು ಕೇಳಿದರು. ಮೂರು ವಾರದ ಮೇಲೆ ಸಿಬ್ಬಂದಿ ಬಂದು ಅಳೆದರು. 840 ಚದರ ಅಡಿಗೆ ಒಂದಡಿಯೂ ಹೆಚ್ಚುಕಡಿಮೆ ಇರಲಿಲ್ಲ. ಹೊಸ ಲೆಕ್ಕ 690 ರೂಪಾಯಿ ಆಯಿತು. ಕಟ್ಟಿದ 460 ಕಳೆದು ಉಳಿದ 230ನ್ನು ತಂಗಿ ಅಲ್ಲಿಯೇ ಕಟ್ಟಿದಳು. ಹಿಂದಿನ ವರ್ಷಕ್ಕಿಂತ ಹೆಚ್ಚು, ನೋಟಿಸಿಗಿಂತ 620 ಕಡಿಮೆ. ಓದುವ ಕೋಣೆಯೂ ಈಗ ದಾಖಲೆಯಲ್ಲಿದೆ.

ಎಲ್ಲ ಕಡೆಯೂ ಹೀಗೆ ಸರಾಗವಾಗಿ ಆಗುತ್ತದೆಂದಲ್ಲ. ಅರ್ಜಿಗೆ ಉತ್ತರ ಬರದಿದ್ದರೆ ಗ್ರಾಮಸಭೆಯಲ್ಲಿ ಎದ್ದು ಕೇಳಬಹುದು. ತೆರಿಗೆಯನ್ನು ಯಾವ ಅಳತೆ, ಯಾವ ದರದ ಮೇಲೆ ಹಾಕಿದ್ದಾರೆಂಬ ದಾಖಲೆಯ ಪ್ರತಿಯನ್ನು 2005ರ ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಆ ಶುಲ್ಕವೂ ಇಲ್ಲ. 30 ದಿನಗಳಲ್ಲಿ ಉತ್ತರ ಕೊಡಬೇಕು. ತೆರಿಗೆಯ ವಿರುದ್ಧ ಮೇಲ್ಮನವಿಗೂ ಕಾಯಿದೆಯಲ್ಲಿ ದಾರಿಯಿದೆ. ಅದಕ್ಕೆ ಗಡುವು ಇರುವುದರಿಂದ ನೋಟಿಸು ಕೈಗೆ ಬಂದ ತಾರೀಖನ್ನು ಅದರ ಮೇಲೆಯೇ ಬರೆದಿಡಿ. ನಾಗೊಂದಿಗೆಯ ಮೇಲೆ ಆರು ತಿಂಗಳು ಮಲಗಿದ ನೋಟಿಸು ಯಾರಿಗೂ ಉಪಯೋಗವಿಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆ ನಮ್ಮಲ್ಲಿದೆ. ಬಾಯಿಯ ಜೊತೆಗೆ ಕೈಯಲ್ಲಿ ಒಂದು ಕಾಗದವೂ ಇರಲಿ.

ಇನ್ನು ತೆರಿಗೆ ಎಂದರೆ ಬರೀ ಕಿತ್ತುಕೊಳ್ಳುವುದು ಎಂಬ ಭಾವನೆಯನ್ನು ಮಕ್ಕಳಲ್ಲಿ ಬಿತ್ತಬಾರದು. ಬೀದಿದೀಪ, ಕುಡಿಯುವ ನೀರು, ಚರಂಡಿ ಇವುಗಳಿಗೆ ಪಂಚಾಯಿತಿಯ ಸ್ವಂತ ಹಣ ಇದರಿಂದಲೇ ಬರುತ್ತದೆ. ರಸೀದಿಯಲ್ಲಿ ಗ್ರಂಥಾಲಯ ಕರ ಎಂಬ ಒಂದು ಸಾಲೂ ಇರುತ್ತದೆ. ನಮ್ಮ ಹುಡುಗಿ ಸಂಜೆ ಹೊತ್ತು ಪತ್ರಿಕೆ ಓದಲು ಹೋಗುವ ಪಂಚಾಯಿತಿ ಗ್ರಂಥಾಲಯದ ಬಾಗಿಲಿಗೆ ಈಗ ‘ಅರಿವು ಕೇಂದ್ರ’ ಎಂಬ ಬೋರ್ಡಿದೆ. ಅಲ್ಲಿಯ ಪುಸ್ತಕಕ್ಕೆ ತನ್ನ ಅವ್ವ ಕಟ್ಟಿದ ದುಡ್ಡಿನ ಪಾಲೂ ಸೇರಿದೆ ಎಂದು ಅವಳಿಗೆ ಆ ರಸೀದಿ ನೋಡಿದ ಮೇಲೆಯೇ ತಿಳಿದದ್ದು.

ಇಟಗಿಯಲ್ಲಿ ಅವಳು ಕೇಳಿದ ಪ್ರಶ್ನೆಗೆ ಆ ದಿನ ನಾನು ಸರಿಯಾದ ಉತ್ತರ ಕೊಟ್ಟಿರಲಿಲ್ಲ. ಆಮೇಲೆ ನೆನಪಾಯಿತು. ಹಳೆಯ ಶಾಸನಗಳು ಭೂಮಿಯ ದಾನ ಹೇಳುವಾಗ ಎಷ್ಟು ಭೂಮಿ ಎಂಬುದರ ಜೊತೆಗೆ ಯಾವ ಕೋಲಿನಿಂದ ಅಳೆದದ್ದು ಎಂಬುದನ್ನೂ ಎಷ್ಟೋ ಕಡೆ ಹೇಳುತ್ತವೆ. ಬಳ್ಳಿಗಾವಿಯ ‘ಭೇರುಂಡ ಗಳೆ’ ಅಂಥ ಒಂದು ಅಳತೆಕೋಲು. ಅಳತೆ ಯಾವುದೆಂದು ಊರಿಗೆಲ್ಲ ಗೊತ್ತಿದ್ದರೆ ತಪ್ಪಿದಾಗ ಕೇಳುವುದು ಸುಲಭ. ಅದನ್ನು ಅವಳಿಗೆ ಹೇಳಿದೆ. ‘ಈಗ ನಮ್ಮ ಟೇಪು ಐತೆಲ್ಲ ಮಾಮಾ’ ಎಂದಳು.

ವಿದ್ಯಾರ್ಥಿಗಳೇ, ಬರುವ ಭಾನುವಾರ ಒಂದು ಕೆಲಸ ಮಾಡಿ. ಮನೆಯ ಟ್ರಂಕಿನಲ್ಲಿರುವ ತೆರಿಗೆ ರಸೀದಿಯನ್ನು ಅಪ್ಪ, ಅವ್ವನನ್ನು ಕೇಳಿ ಹೊರತೆಗೆಯಿರಿ. ಮನೆಯನ್ನು ಅಳೆಯಿರಿ. ಉದ್ದ ಅಗಲ ಗುಣಿಸುವುದನ್ನು ನೀವು ಎಂದೋ ಕಲಿತಿದ್ದೀರಿ. ಬಂದ ಉತ್ತರ ದಾಖಲೆಯ ಜೊತೆ ಹೊಂದಿದರೆ ಸಂತೋಷ. ಹೊಂದದಿದ್ದರೆ, ಹೆಚ್ಚಿರಲಿ ಕಡಿಮೆಯಿರಲಿ, ಇದ್ದದ್ದನ್ನು ಇದ್ದ ಹಾಗೆ ಬರೆದು ಪಾಲಕರ ಕೈಗೆ ಕೊಡಿ.