ಐಸಿಯು ಹೊರಗೆ ಕೂತವರ ಕೈಗೂ ಕೆಲಸವಿದೆ

ಸಿಂಧನೂರಿನ ಯಾವುದೇ ದೊಡ್ಡ ಆಸ್ಪತ್ರೆಯ ಐಸಿಯು ಮುಂದೆ ಸಂಜೆ ಹೊತ್ತು ನಿಂತು ನೋಡಿ. ಚಾಪೆ, ಬುತ್ತಿಗಂಟು, ಔಷಧದ ಚೀಟಿ ಹಿಡಿದುಕೊಂಡು ಹತ್ತಾರು ಮಂದಿ ಕೂತಿರುತ್ತಾರೆ. ತುರ್ವಿಹಾಳದವರು, ಬಳಗಾನೂರಿನವರು, ಮಸ್ಕಿ ಕಡೆಯವರು, ಮುದಗಲ್ಲಿನಿಂದ ಬಸ್ಸು ಬದಲಿಸಿ ಬಂದವರು. ಒಳಗೆ ಬಿಡುವುದು ದಿನಕ್ಕೆ ಒಂದೆರಡು ಸಲ, ಅದೂ ಐದೈದು ನಿಮಿಷ. ಬಂದವರಿಗೆ ಏನು ಮಾಡಬೇಕೆಂದು ತೋಚುವುದಿಲ್ಲ. ಮಾನಿಟರಿನ ಅಂಕಿ ನೋಡುತ್ತಾರೆ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ, ‘ಮುಟ್ಟಬೌದೇನ್ರಿ ಸಿಸ್ಟರ್?’ ಎಂದು ಕೇಳುತ್ತಾರೆ. ‘ಬ್ಯಾಡ್ರಿ, ವೈರ್ ಅದಾವು’ ಎಂಬುದು ಸಿದ್ಧ ಉತ್ತರ.

ಈ ಉತ್ತರ ಬದಲಾಗಬೇಕು. ರೋಗಿಯ ಅಂಗೈ, ಅಂಗಾಲನ್ನು ಹದಿನೈದು ನಿಮಿಷ ಮೆತ್ತಗೆ ಒತ್ತಲು ಮನೆಯವರಿಗೆ ಕಲಿಸಿಕೊಡಬೇಕು. ಕರುಣೆಗಾಗಿ ಹೇಳುತ್ತಿಲ್ಲ, ನೋವು ಇಳಿಸುವ ಚಿಕಿತ್ಸೆಯ ಒಂದು ಭಾಗವಾಗಿಯೇ ಹೇಳುತ್ತಿದ್ದೇನೆ.

ನಾನು ಲಿಂಗಸುಗೂರು ತಾಲ್ಲೂಕಿನವಳು, ಸಿಂಧನೂರಿನಲ್ಲಿ ಸ್ಟಾಫ್ ನರ್ಸ್. ವೆಂಟಿಲೇಟರ್ ಹಾಕಿದ ಮೇಲೆ ರೋಗಿಗೆ ನೋವು ತಿಳಿಯುವುದಿಲ್ಲ ಎಂದು ಮನೆಯವರು ನಂಬಿರುತ್ತಾರೆ. ಹಾಗೇನಿಲ್ಲ. ಗಂಟಲಲ್ಲಿ ಟ್ಯೂಬ್ ಇರುವುದರಿಂದ ಹೇಳಲು ಆಗುವುದಿಲ್ಲ, ಅಷ್ಟೇ. 2001ರಲ್ಲಿ ಪ್ರಕಟವಾದ ‘ಥಂಡರ್-2’ ಅಧ್ಯಯನ ಆರು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಗಮನಿಸಿತ್ತು. ಕಫ ಎಳೆಯುವುದು, ಡ್ರೆಸಿಂಗ್ ಬದಲಿಸುವುದು, ಡ್ರೇನ್ ತೆಗೆಯುವುದು ಮುಂತಾದ ಆರು ಕೆಲಸಗಳಲ್ಲಿ ದೊಡ್ಡವರಿಗೆ ಅತಿ ಹೆಚ್ಚು ನೋವು ಕೊಟ್ಟದ್ದು ಯಾವುದು ಗೊತ್ತೇ? ಮಗ್ಗುಲು ಬದಲಿಸುವುದು. ನಾವು ಪಾಳಿಯುದ್ದಕ್ಕೂ ಎರಡು ಗಂಟೆಗೊಮ್ಮೆ ಮಾಡುವ ಕೆಲಸ ಅದು.

ಮಾತಾಡಲಾರದವರ ನೋವನ್ನು ಅಳೆಯಲು ಸಿಪಿಒಟಿ ಎಂಬ ಪಟ್ಟಿ 2006ರಿಂದ ಬಳಕೆಯಲ್ಲಿದೆ. ಮುಖಭಾವ, ಮೈ ಚಲನೆ, ಸ್ನಾಯುಗಳ ಬಿಗಿತ, ವೆಂಟಿಲೇಟರ್ ಜೊತೆ ಹೊಂದಾಣಿಕೆ ಎಂಬ ನಾಲ್ಕಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ, ಒಟ್ಟು ಎಂಟು. ಅಂಕ ಮೂರು ಮುಟ್ಟಿದರೆ ನೋವಿದೆ ಎಂದು ಅರ್ಥ. ಇದಕ್ಕೆ ಯಂತ್ರ ಬೇಡ, ಪೆನ್ನು ಸಾಕು.

ಇನ್ನು ಒತ್ತುವ ವಿಚಾರ. ಅಮೆರಿಕದ ಕ್ರಿಟಿಕಲ್ ಕೇರ್ ತಜ್ಞರ ಸಂಘ 2018ರಲ್ಲಿ ಹೊರಡಿಸಿದ ಮಾರ್ಗಸೂಚಿ, ಐಸಿಯು ರೋಗಿಗಳ ನೋವಿಗೆ ಔಷಧದ ಜೊತೆಗೆ ಮಸಾಜನ್ನೂ ನೀಡಬಹುದು ಎಂದಿದೆ. ಆಧಾರವಾದ ಅಧ್ಯಯನಗಳಲ್ಲಿ ಬೆನ್ನು, ಕೈ, ಕಾಲುಗಳನ್ನು ಅಥವಾ ಬರೀ ಕೈಗಳನ್ನು 10ರಿಂದ 30 ನಿಮಿಷ, ದಿನಕ್ಕೆ ಒಂದೆರಡು ಬಾರಿ ಒತ್ತಿದ್ದರು. ಪುರಾವೆಯ ಗುಣಮಟ್ಟ ಕಡಿಮೆ, ಆದ್ದರಿಂದ ಇದು ಷರತ್ತಿನ ಸಲಹೆ ಎಂದು ಆ ಮಾರ್ಗಸೂಚಿಯೇ ಹೇಳಿಕೊಂಡಿದೆ. ನಾನೂ ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ಸ್ಪರ್ಶದ ಸಂದೇಶ ಬೆನ್ನುಹುರಿಯಲ್ಲಿ ನೋವಿನ ಸಂದೇಶವನ್ನು ತಡೆಯಬಲ್ಲದು ಎಂಬ ಮೆಲ್ಜಾಕ್ ಮತ್ತು ವಾಲ್ ಅವರ ಸಿದ್ಧಾಂತ 1965ರಷ್ಟು ಹಳೆಯದು. ಮೊಣಕಾಲು ಬಡಿದಾಗ ಕೈ ತಾನಾಗಿ ಅಲ್ಲಿಗೆ ಹೋಗಿ ಉಜ್ಜುವುದು ಎಲ್ಲರಿಗೂ ಗೊತ್ತಿರುವುದೇ.

ಟ್ರ್ಯಾಕ್ಟರ್ ಉರುಳಿ ಪಕ್ಕೆಲುಬು ಮುರಿದುಕೊಂಡ ರೈತರೊಬ್ಬರು ನಮ್ಮಲ್ಲಿದ್ದರು. ಎದೆಯಲ್ಲಿ ಡ್ರೇನ್, ನೋವಿಗೆ ಫೆಂಟನಿಲ್ ಹೋಗುತ್ತಿತ್ತು. ಆದರೂ ಮಗ್ಗುಲು ಮಾಡಿದಾಗಲೆಲ್ಲ ಹುಬ್ಬು ಗಂಟಿಕ್ಕುತ್ತಿತ್ತು, ಎಡಗೈ ಮಂಚದ ಕಂಬಿ ಹಿಡಿದರೆ ಬಿಡುತ್ತಿರಲಿಲ್ಲ. ಡಾಕ್ಟರನ್ನು ಕೇಳಿ ಅವರ ಹೆಂಡತಿಯನ್ನು ಒಳಗೆ ಕರೆದೆ. ಬಳೆ ಮೊಣಕೈ ಕಡೆಗೆ ಏರಿಸಿ, ಸೋಪಿನಿಂದ ಕೈ ತೊಳೆದು ಬಂದರು. ಅಂಗೈ ನಡುವಿನಿಂದ ಹೆಬ್ಬೆರಳ ಬುಡಕ್ಕೆ, ಅಲ್ಲಿಂದ ಒಂದೊಂದೇ ಬೆರಳಿಗೆ ಹೋಗಲು ತೋರಿಸಿದೆ. ತೋರುಬೆರಳು ಬಂದಾಗ ಅವರು ಅದನ್ನು ಮಡಚಲಿಲ್ಲ. ‘ಕುಡಗೋಲು ಬಡಿದು ಸೆಟದೈತ್ರಿ ಇದು, ಮಡಚಿದ್ರ ನೋಯತೈತಿ’ ಎಂದರು. ನಮ್ಮ ಕೇಸ್ ಶೀಟಿನಲ್ಲಿ ಆ ಬೆರಳಿನ ಸುದ್ದಿಯೇ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಕಂಬಿ ಹಿಡಿದಿದ್ದ ಮುಷ್ಟಿಯೂ ಸಡಿಲಾಯಿತು, ಐದಿದ್ದ ಅಂಕ ಮೂರಕ್ಕೆ ಇಳಿಯಿತು. ಮುಂದಿನ ಸಲ ಮಗ್ಗುಲು ಮಾಡಿದಾಗ ಮತ್ತೆ ಏರಿತು ಎನ್ನುವುದನ್ನೂ ಹೇಳಬೇಕು. ಒಬ್ಬರ ಅನುಭವದಿಂದ ಏನೂ ಸಾಬೀತಾಗುವುದಿಲ್ಲ. ಆದರೆ ಆ ಮೈಯನ್ನು ಬಲ್ಲವರು ಬಾಗಿಲ ಹೊರಗೆ ಸುಮ್ಮನೆ ಕೂತಿದ್ದರು ಎಂಬುದಂತೂ ನಿಜ.

ಹಾಗೆಂದು ಎಲ್ಲರನ್ನೂ ಒತ್ತುವಂತಿಲ್ಲ. ನಮ್ಮ ಭಾಗದ ರೋಗಿಗಳನ್ನು ನೆನೆದೇ ಪಟ್ಟಿ ಹೇಳುತ್ತೇನೆ. ಹಾವು ಕಚ್ಚಿದ ಕೈಕಾಲನ್ನು ಒತ್ತಲೂಬಾರದು, ತಿಕ್ಕಲೂಬಾರದು. ವಿಷ ಬೇಗ ಏರುತ್ತದೆ. ಗದ್ದೆಗೆ ಔಷಧ ಹೊಡೆಯುವಾಗ ವಿಷವೇರಿದವರ ಮೈ ಪೂರ್ತಿ ತೊಳೆಯುವ ತನಕ ಬರಿಗೈಯಲ್ಲಿ ಮುಟ್ಟಿದರೆ ಮುಟ್ಟಿದವರಿಗೂ ಅಪಾಯ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದವರಿಗೆ ಒತ್ತಿದಲ್ಲೆಲ್ಲ ರಕ್ತ ಕಟ್ಟಬಹುದು. ಮೂಳೆ ಮುರಿದ ಜಾಗ, ಸುಟ್ಟ ಚರ್ಮ, ಸೂಜಿ ಚುಚ್ಚಿದ ಕೈ ಬೇಡವೇ ಬೇಡ. ದಿನಗಟ್ಟಲೆ ಮಲಗಿದವರ ಮೀನಖಂಡವನ್ನು ಮುಟ್ಟಲೇಬಾರದು. ಅಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋದೀತು. ಬೆನ್ನು, ಸೊಂಟದ ಮೂಳೆಯ ಮೇಲೆ ಚರ್ಮ ಕೆಂಪಾಗಿದ್ದರೆ ತಿಕ್ಕಬಾರದು. ಸ್ಪಿರಿಟ್, ಪೌಡರ್ ಹಾಕಿ ಅಲ್ಲೇ ತಿಕ್ಕುವ ರೂಢಿ ನರ್ಸಿಂಗಿನಲ್ಲಿ ಬಹಳ ಕಾಲ ಇತ್ತು, ಈಗ ಅದು ಸಲ್ಲದು. ಮನೆಯಿಂದ ಔಡಲ ಎಣ್ಣೆ ತರುವುದೂ ಬೇಡ. ಎಣ್ಣೆಗೆ ಪ್ಲಾಸ್ಟರ್ ಕಿತ್ತುಬರುತ್ತದೆ, ಆಕ್ಸಿಜನ್ ಮಾಸ್ಕಿನ ಹತ್ತಿರ ಬೆಂಕಿಯ ಭಯ. ಬರಿಗೈ ಸಾಕು. ರೋಗಿ ಕೈ ಹಿಂದೆಳೆದರೆ ಅಲ್ಲಿಗೆ ನಿಲ್ಲಿಸಬೇಕು. ಮುಟ್ಟಿಸಿಕೊಳ್ಳುವುದು ಎಲ್ಲರಿಗೂ ಇಷ್ಟವಾಗುವುದಿಲ್ಲ.

ಸೋಂಕು ಬಂದರೆ ಎಂದು ಕೇಳುತ್ತಾರೆ. ಭಯ ಸರಿಯೇ. ಆದರೆ ಕೈ ತೊಳೆದ ಒಬ್ಬರೇ ಒಬ್ಬರು, ಒಂದೇ ರೋಗಿಯನ್ನು ಮುಟ್ಟಿ ಹೋಗುತ್ತಾರೆ. ಮಂಚದಿಂದ ಮಂಚಕ್ಕೆ ಓಡಾಡುವವರು ನಾವು. ನರ್ಸುಗಳಿಗೆ ಪುರಸತ್ತು ಎಲ್ಲಿ ಎನ್ನುತ್ತಾರೆ. ಇಲ್ಲ, ಒಪ್ಪುತ್ತೇನೆ. ವೆಂಟಿಲೇಟರ್ ರೋಗಿಗೆ ಒಬ್ಬ ನರ್ಸ್ ಇರಬೇಕಾದಲ್ಲಿ ರಾತ್ರಿ ಪಾಳಿಯಲ್ಲಿ ಒಬ್ಬಳ ಪಾಲಿಗೆ ನಾಲ್ಕೈದು ಹಾಸಿಗೆ ಬಂದಾಗ ನಾವೇ ಕೂತು ಒತ್ತಲಾಗದು. ಅದಕ್ಕೇ ಮನೆಯವರು ಬೇಕು ಎನ್ನುವುದು.

ನನಗಿರುವ ಭಯ ಬೇರೆ. ಒಂದು, ‘ಟಚ್ ಥೆರಪಿ’ ಎಂದು ಹೆಸರಿಟ್ಟು ಬಿಲ್ಲಿಗೆ ಇನ್ನೊಂದು ಸಾಲು ಸೇರಿಸುವವರು ಹುಟ್ಟಿಕೊಂಡಾರು. ಎರಡು, ಹೆಂಡತಿ ಕೈ ಒತ್ತುತ್ತಿದ್ದಾಳಲ್ಲ ಎಂದು ನೋವಿನ ಔಷಧ ಕಡಿತವಾದೀತು. ನೋವು ತಗ್ಗಿಸುವ ಮಾರ್ಫಿನ್ ಸಲೀಸಾಗಿ ಸಿಗಲೆಂದು ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದಿದ್ದಾರೆ. ಆ ಔಷಧ ರೋಗಿಯ ಹಕ್ಕು. ಮಸಾಜು ಅದರ ಜೊತೆಗೇ ಹೊರತು ಅದರ ಬದಲಿಗಲ್ಲ.

ಹಾಗೆಂದು ದೊಡ್ಡ ಆಸ್ಪತ್ರೆ ಬೇಡವೆಂದಲ್ಲ. ರಾಯಚೂರಿಗೆ ಏಮ್ಸ್ ಬೇಕೆಂದು 2022ರಲ್ಲಿ ಧರಣಿ ಶುರುವಾಯಿತು. ಆ ಆಸ್ಪತ್ರೆ ಬರಬೇಕು. ಸಿಂಧನೂರು, ಲಿಂಗಸುಗೂರಿನ ರೋಗಿಯನ್ನು 90 ಕಿಲೋಮೀಟರ್ ಆಸುಪಾಸು ದೂರದ ರಾಯಚೂರಿಗೋ, ಇನ್ನೂ ಆಚೆಗೋ ಹೊತ್ತೊಯ್ಯುವ ಪಾಡು ತಪ್ಪಬೇಕು. ಅಲ್ಲಿಯವರೆಗೆ ಇರುವ ಐಸಿಯುಗಳಲ್ಲಿ ಮೂರು ಕೆಲಸ ಆಗಲಿ. ಪ್ರತಿ ಪಾಳಿಯಲ್ಲೂ ನೋವಿನ ಅಂಕ ಬರೆಯುವುದು ಕಡ್ಡಾಯವಾಗಲಿ. ಯಾರಿಗೆ ಒತ್ತಬಹುದು, ಎಲ್ಲಿ ಒತ್ತಬಾರದು ಎಂಬುದನ್ನು ಡಾಕ್ಟರು ಬೆಳಗಿನ ರೌಂಡ್ಸಿನಲ್ಲೇ ಕೇಸ್ ಶೀಟಿನಲ್ಲಿ ಬರೆಯಲಿ. ಭೇಟಿಯ ಐದು ನಿಮಿಷ ಇಪ್ಪತ್ತಾಗಲಿ. ಮೊದಲೆರಡು ನರ್ಸು, ಡಾಕ್ಟರುಗಳಾದ ನಮ್ಮ ಕೆಲಸ, ನಾವು ಮಾಡಬಲ್ಲೆವು. ಮೂರನೆಯದನ್ನು ಆಡಳಿತ ಮಂಡಳಿಯವರು ಮಾಡಬೇಕು, ಮಾಡದಿದ್ದರೆ ರೋಗಿಯ ಮನೆಯವರು ಕೇಳಬೇಕು.